ಟೇಷನ್ ತೂಕ

ನಮ್ಮ ಅಂಗನವಾಡಿಯಲ್ಲಿ ಊಟದ ಗಂಟೆ ಬಾರಿಸುವವರು ಹೋದ ಶ್ರಾವಣದಿಂದ ಇಲ್ಲ. ಗಂಟೆ ಎಂದರೆ ದೇವರ ಗುಡಿಯ ಗಂಟೆಯಲ್ಲ, ಮೊಳದುದ್ದದ ರೈಲು ಹಳಿಯ ತುಂಡು. ಅಂಗನವಾಡಿ ಇರುವುದು ಹಳೆಯ ರೈಲು ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರ್ಮಿನ ಬೇವಿನ ಮರಕ್ಕೆ ತಂತಿ ಕಟ್ಟಿ ತೂಗುಬಿಟ್ಟಿದೆ. ಬಾರಿಸುವ ಕಬ್ಬಿಣದ ಸರಳು ಅವರು ಇಟ್ಟಲ್ಲೇ, ಕಿಟಕಿಯ ಮೇಲೆ ಇದೆ. ಈಗ ನಮ್ಮ ಸಹಾಯಕಿ ಬಾಗಿಲಿಗೆ ಬಂದು "ಊಟಕ್ಕ ಬರ್ರಿ" ಎಂದು ಕೂಗುತ್ತಾಳೆ. ಮಕ್ಕಳು ಬರುತ್ತವೆ. ಬರುವಾಗ ಒಮ್ಮೆ ಬೇವಿನ ಮರದ ಕಡೆ ನೋಡುತ್ತವೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಬರೆದರೆ ಯಾರೋ ಬೇರೆಯವರ ಬಗ್ಗೆ ಬರೆದಂತೆ ನನಗೇ ಅನಿಸುತ್ತದೆ. ಎಲ್ಲರಿಗೂ ಅವರು ಟೇಷನ್ ಕಾಕಾ. ಹಾಗೆಂದು ಸ್ಟೇಷನ್ ಮಾಸ್ತರರೇನಲ್ಲ, ಪಾಯಿಂಟ್ಸ್‌ಮನ್. ಹಳಿಗಳು ಕೂಡುವಲ್ಲಿ ನಿಂತು ಗಾಡಿಯನ್ನು ಸರಿಯಾದ ದಾರಿಗೆ ಬಿಡುವ ಕೆಲಸ. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ಸಣ್ಣ ಸ್ಟೇಷನ್ ಆದ್ದರಿಂದ ಗಂಟೆ ಬಾರಿಸುವುದು, ದೀಪ ಹಚ್ಚುವುದು, ಕುಡಿಯುವ ನೀರು ತುಂಬಿಡುವುದು, ಪಾರ್ಸಲ್ ತೂಗುವುದು ಎಲ್ಲವೂ ಅವರ ಪಾಲಿಗೇ ಬಂದಿತ್ತು.

ಜೋಡಿ ಹಳಿ ಹಾಕುವಾಗ ನಮ್ಮ ಊರಿನ ತಿರುವನ್ನು ನೇರ ಮಾಡಿದರು. ಲೈನು ಹೊಲಗಳ ಆಚೆ ಸರಿಯಿತು, ಸ್ಟೇಷನ್ ಈಚೆ ಉಳಿಯಿತು. ಹಳಿ ಕಿತ್ತರು, ಸಿಗ್ನಲ್ ಕಂಬ ಒಯ್ದರು, ಗಡಿಯಾರ ಇಳಿಸಿದರು. ಕಾಕಾ ನಿವೃತ್ತಿಯಾದದ್ದೂ ಅದೇ ವರ್ಷ. ಆಮೇಲೆ ಕೆಲವು ವರ್ಷ ಕಟ್ಟಡ ಆಡುಗಳದ್ದು, ಇಸ್ಪೀಟು ಆಡುವವರದ್ದು. ನಮ್ಮ ಹಳೆಯ ಅಂಗನವಾಡಿಯ ಮಾಳಿಗೆ ಸೋರಿ ಸೋರಿ ಒಂದು ಮಳೆಗಾಲದಲ್ಲಿ ಮೂಲೆ ಕುಸಿದಾಗ, ಪಂಚಾಯ್ತಿಯವರು ಓಡಾಡಿ ಈ ಕಟ್ಟಡವನ್ನು ಮಕ್ಕಳಿಗೆ ಕೊಡಿಸಿದರು. ಸುಣ್ಣ ಹೊಡೆದು, ಗೋಡೆಯ ಮೇಲೆ ಮಾವಿನಹಣ್ಣು, ಆನೆ, ಅ ಆ ಇ ಈ ಬರೆಸಿದರು. ಸ್ಟೇಷನ್ನಿನ ಹಳದಿ ಫಲಕದ ಮೇಲೆ ಬಿಳಿ ಬಣ್ಣ ಬಳಿದು ಅಂಗನವಾಡಿ ಕೇಂದ್ರ ಎಂದು ಬರೆದರು. ಮಳೆ ಬಂದು ತೊಯ್ದಾಗ ಒಳಗಿನ ಹಳೆಯ ಹೆಸರು ಇನ್ನೂ ಕಾಣುತ್ತದೆ.

ನಾನು ರಾಣೆಬೆನ್ನೂರಿನವಳು. ಪಿಯುಸಿ ಓದಿ ಈ ಊರಿಗೆ ಸೊಸೆಯಾಗಿ ಬಂದೆ. ಅಂಗನವಾಡಿ ಕೆಲಸ ಸಿಕ್ಕಿತು. ರಜಿಸ್ಟರ್ ಬರೆಯುವುದು ಬಿಟ್ಟರೆ ಬೇರೆ ಬರವಣಿಗೆ ನನಗೆ ರೂಢಿ ಇಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಹೇಳಬೇಕಾದ ಒಂದು ಮಾತನ್ನು ನಾನು ಎಂಟು ತಿಂಗಳು ಹೇಳಲಿಲ್ಲ, ಆಮೇಲೆ ಹೇಳಲು ಅವರಿರಲಿಲ್ಲ.

ಕಟ್ಟಡಕ್ಕೆ ಬಂದ ಮೊದಲ ದಿನ ನಾವು ಬಾಗಿಲು ತೆಗೆಯುವ ಮೊದಲೇ ಕಾಕಾ ಕಲ್ಲಿನ ಬೆಂಚಿನ ಮೇಲೆ ಕುಳಿತಿದ್ದರು. ಖಾಕಿ ಪ್ಯಾಂಟು, ಬಿಳಿ ಅಂಗಿ, ಕೈಯಲ್ಲಿ ಒಂದು ಕೀಲಿಕೈ ಗೊಂಚಲು. ಅದರಲ್ಲಿ ಅರ್ಧ ಕೀಲಿಗಳಿಗೆ ಕೋಣೆಗಳೇ ಉಳಿದಿರಲಿಲ್ಲ.

"ಕೀಲಿ ನಿಮಗ ಅಕ್ಕೋರ, ಗಂಟಿ ನನಗ. ಇಷ್ಟ ಕರಾರು" ಎಂದರು.

"ಗಂಟಿ ಯಾತಕ್ರಿ ಕಾಕಾ? ಇಲ್ಲಿ ಯಾವ ಗಾಡಿ ಬರತೈತಿ?"

"ಅನ್ನದ ಗಾಡಿ ಬರತೈತಲ್ಲ."

ಅವತ್ತಿನಿಂದ ಅದೇ ಪದ್ಧತಿ. ಹಿಂದಿನ ಸ್ಟೇಷನ್ನಿನಿಂದ ಗಾಡಿ ಬಿಟ್ಟ ಸುದ್ದಿ ಬಂದಾಗ ಅವರು ಮೂರು ಪೆಟ್ಟು ಬಾರಿಸುತ್ತಿದ್ದರಂತೆ, ಗಾಡಿ ಹತ್ತಿರ ಬಂದಾಗ ಎರಡು. ನಮ್ಮಲ್ಲಿ ಒಲೆಯ ಮೇಲೆ ಅಕ್ಕಿ ಇಟ್ಟಾಗ ಮೂರು, ಇಳಿಸಿದಾಗ ಎರಡು. ಊರಿನ ಹೆಂಗಸರು ಹೊಲದಲ್ಲಿ ಕಳೆ ತೆಗೆಯುತ್ತಲೇ ಕೇಳಿಸಿಕೊಂಡು, "ಅನ್ನ ಇಳೀತು, ಹುಡುಗ ಉಣ್ಣತಾನ ಈಗ" ಎನ್ನುತ್ತಿದ್ದರು. ಟಿಕೇಟಿನ ಕೋಣೆ ನಮ್ಮ ಅಡುಗೆಮನೆಯಾಯಿತು. ಟಿಕೇಟ್ ಕೊಡುತ್ತಿದ್ದ ಅರ್ಧಚಂದ್ರದ ಖಿಡಕಿಯಿಂದಲೇ ಮಕ್ಕಳಿಗೆ ತಾಟು ಕೊಡಬೇಕೆಂದು ಹಟ ಹಿಡಿದವರೂ ಅವರೇ. ಮಕ್ಕಳು ಸಾಲಾಗಿ ನಿಲ್ಲುತ್ತವೆ, ಯಾರೂ ಯಾರನ್ನೂ ನೂಕುವುದಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿಗೂ "ಟಿಕೇಟ?" ಎನ್ನುವರು. ಮಗು ಅಂಗೈ ಚಾಚಬೇಕು. ಇವರು ಅದರ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವರು. ಆಯಿತು, ಒಳಗೆ ಹೋಗಬಹುದು. ಅಮ್ಮನ ಸೆರಗು ಬಿಡದೆ ರಂಪ ಮಾಡುವ ಮಗು ಕೂಡ ಅಂಗೈ ಚಾಚುವ ಹೊತ್ತಿಗೆ ಸೆರಗು ಬಿಟ್ಟಿರುತ್ತಿತ್ತು. ತಡವಾಗಿ ಬಂದ ಮಗುವಿಗೆ ಅವರು ಬೈದದ್ದಿಲ್ಲ. "ಮೇಡ್ಲೇರಿ ಎಕ್ಸ್‌ಪ್ರೆಸ್ ಅರ್ಧ ತಾಸು ತಡವಾಗಿ ಬಂದೈತಿ" ಎಂದು ಒಳಗೆ ಕೂಗಿ ಹೇಳುವರು. ಮೇಡ್ಲೇರಿಗೆ ರೈಲೇ ಇಲ್ಲ. ಆ ಮಗುವಿನ ಅಜ್ಜಿಯ ಮನೆ ಮೇಡ್ಲೇರಿ, ಅಷ್ಟೇ.

ಹೊಸ ಲೈನಿನ ಮೇಲೆ ಗಾಡಿ ಹೋದಾಗ ಮಕ್ಕಳೆಲ್ಲ ಓಡಿ ಹೋಗಿ ನೋಡುತ್ತವೆ. ಕಾಕಾ ತಲೆ ಎತ್ತುತ್ತಿರಲಿಲ್ಲ. ಕುಳಿತಲ್ಲೇ, "ಮಾಲಗಾಡಿ, ಖಾಲಿ ಹೊಂಟೈತಿ" ಎನ್ನುವರು. ತುಂಬಿದ ಗಾಡಿಯ ಸದ್ದು ನೆಲದಲ್ಲಿ ಬರುತ್ತದೆ, ಖಾಲಿ ಗಾಡಿಯ ಸದ್ದು ಗಾಳಿಯಲ್ಲಿ ಬರುತ್ತದೆ ಎಂದು ನನಗೂ ಹೇಳಿಕೊಟ್ಟರು. ನನಗೆ ಎರಡೂ ಒಂದೇ ಕೇಳಿಸುತ್ತಿತ್ತು. ಹಾಗೆಯೇ ಮಗುವನ್ನು ಎತ್ತಿಕೊಂಡರೆ ತೂಕ ಹೇಳುವರು. "ಹನ್ನೊಂದೂವರಿ ಅದಾನ." ನಾನು ಇಲಾಖೆಯವರು ಮಕ್ಕಳಿಗೆಂದು ಕೊಟ್ಟ ತಕ್ಕಡಿಯಲ್ಲಿ ತೂಗಿದರೆ ಹನ್ನೊಂದೂವರೆ. ಅಂಥ ಕೈ ಅದು. ಈ ಮಾತನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಇನ್ನು ಆ ತೂಕದ ಯಂತ್ರದ ವಿಷಯ.

ರೈಲ್ವೆಯವರು ಎಲ್ಲ ಒಯ್ದರೂ ಪಾರ್ಸಲ್ ತೂಗುವ ಯಂತ್ರವನ್ನು ಬಿಟ್ಟು ಹೋಗಿದ್ದರು. ಎಂದೋ ಗುಜರಿಗೆ ಹಾಕಿದ್ದೇವೆ ಎಂದು ಕಾಗದದಲ್ಲಿ ಬರೆದಿತ್ತಂತೆ, ಹಾಗಾಗಿ ಒಯ್ಯುವ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಟಿಕೇಟ್ ಖಿಡಕಿಯ ಹೊರಗೆ, ಪಡಸಾಲೆಯಲ್ಲಿ ನಿಂತಿದೆ. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಗಡಿಯಾರದಂಥ ದುಂಡು ಮುಖ, ಒಂದು ಮುಳ್ಳು. ಅದು ಎಷ್ಟೇ ಭಾರ ಇಟ್ಟರೂ ಮೂರು ಕಿಲೋ ಕಡಿಮೆ ತೋರಿಸುತ್ತಿತ್ತು. ಕೆಟ್ಟು ಹಾಗಾದದ್ದಲ್ಲ. ಕಾಕಾ ಮಾಡಿದ್ದು.

ಇಲ್ಲಿ ರೈಲು ನಿಲ್ಲುತ್ತಿದ್ದ ಕಾಲದಲ್ಲಿ, ಮೆಣಸಿನಕಾಯಿ ಸುಗ್ಗಿಯಲ್ಲಿ ಸುತ್ತಲಿನ ಊರಿನ ಹೆಂಗಸರು ಬೆಳಗಿನ ಪ್ಯಾಸೆಂಜರಿಗೆ ಚೀಲ ಹೊತ್ತು ಬರುತ್ತಿದ್ದರು. ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಬೇಕು. ಇಂತಿಷ್ಟರ ಮೇಲೆ ತೂಕವಾದರೆ ಚೀಲ ಬೇರೆ ಬುಕ್ ಆಗಬೇಕು, ಅಷ್ಟರಲ್ಲಿ ಗಾಡಿ ಹೋಗಿಬಿಡುತ್ತದೆ. ಕಾಕಾ ಯಂತ್ರದ ಬೆನ್ನಿನ ಕಡೆ ಒಂದು ತಗಡಿನ ಚೂರು ಸಿಕ್ಕಿಸಿದರು. ಮುಳ್ಳು ಸೊನ್ನೆಯಿಂದ ಮೂರು ಗೆರೆ ಹಿಂದೆ ಹೋಗಿ ನಿಂತಿತು. ಆದರೆ ಖಾಲಿ ಯಂತ್ರದ ಮುಳ್ಳು ಸೊನ್ನೆಯ ಹಿಂದೆ ನಿಂತಿದ್ದರೆ ಯಾರಾದರೂ ನೋಡುತ್ತಾರಲ್ಲ? ಅದಕ್ಕೆ ಮಹಾನವಮಿಯ ಖಂಡೆಪೂಜೆಯಲ್ಲಿ, ಎಲ್ಲರೂ ಕುಡಗೋಲು, ನೇಗಿಲು, ಸೈಕಲ್ಲು ಪೂಜೆ ಮಾಡುವಾಗ, ಇವರು ಯಂತ್ರಕ್ಕೆ ಪೂಜೆ ಮಾಡಿದರು. ಗಾಜಿನ ಮೇಲೆ, ಸರಿಯಾಗಿ ಸೊನ್ನೆಯಿರುವ ಜಾಗಕ್ಕೆ, ವಿಭೂತಿ ಬಳಿದು ಅದರ ಮೇಲೆ ಅಂಗೈಯಗಲ ಕುಂಕುಮ ಹಚ್ಚಿದರು. ಪೂಜೆ ಮಾಡಿದ ಕುಂಕುಮವನ್ನು ಯಾರು ಒರೆಸುತ್ತಾರೆ?

ಒಮ್ಮೆ ಹುಬ್ಬಳ್ಳಿಯಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರಂತೆ. ಇದನ್ನು ಊರಿನವರು ಈಗಲೂ ನಕ್ಕು ನಕ್ಕು ಹೇಳುತ್ತಾರೆ.

"ಏನಿದು ಗಾಜಿನ ಮ್ಯಾಲೆ?"

"ಖಂಡೇಪೂಜಿ ಕುಂಕುಮರಿ ಸಾಹೇಬ್ರ."

"ಪೂಜಿ ಆಗಿ ನಾಕು ತಿಂಗಳಾತಲ್ಲೋ."

"ಹೌದರಿ. ಒರಸಬೇಕಂತ ಹ್ವಾದ ವರ್ಷ ಒಬ್ಬಾವ ಕೈ ಹಚ್ಚಿದ್ದರಿ. ಅವತ್ತ ಸಂಜೀಕ ಅವನ ಕಾಲು ಉಳುಕಿತು. ನೀವ ಒರಸ್ರಿ ಬೇಕಾದ್ರ, ನಾ ಬಟ್ಟಿ ತರತೇನಿ."

ಸಾಹೇಬರು ಬೂಟು ಕಳಚಿ ಯಂತ್ರಕ್ಕೆ ಕೈ ಮುಗಿದು ಹೋದರಂತೆ. ಕಾಲು ಉಳುಕಿದವನು ಯಾರು ಎಂದು ನಾನು ಕೇಳಿದ್ದೆ. "ನಾನ" ಎಂದರು ಕಾಕಾ. "ಒರಸಾಕ ಹೋಗಿ ಅಲ್ಲ, ಹಚ್ಚಾಕ ಹೋಗಿ. ಸ್ಟೂಲ್ ಜಾರಿತ್ತು."

ಮೂರೇ ಕಿಲೋ ಯಾಕೆ, ಐದು ಯಾಕಲ್ಲ ಎಂದೂ ಕೇಳಿದ್ದೆ. ಅದಕ್ಕೆ ಅವರಲ್ಲಿ ಲೆಕ್ಕವಿತ್ತು. "ಚೀಲದ್ದು ಒಂದು, ಬುತ್ತೀದು ಒಂದು, ಇಬ್ಬನೀದು ಒಂದು. ಮುಂಜಾನಿ ಇಬ್ಬನಿಗೆ ಕಾಯಿ ತೊಯ್ದು ತೂಕ ಬಂದಿರತೈತಿ. ಬ್ಯಾಡಗಿ ಮುಟ್ಟೂದ್ರಾಗ ಆರತೈತಿ. ಆರಿ ಹೋಗೂ ನೀರಿಗೆ ಆಕಿ ಯಾಕ ಗಾಡಿ ತಪ್ಪಿಸಿಕೋಬೇಕು?" ಆದರೆ ಸಲುಗೆ ಬೆಳೆಸಲು ಬಿಡುತ್ತಿರಲಿಲ್ಲ. ಚೀಲಕ್ಕೆ ಇನ್ನಷ್ಟು ತುರುಕಿಕೊಂಡು ಬಂದವಳಿಗೆ, "ಮೂರು ಅಂದ್ರ ಮೂರ ಐತಿ ಸಣ್ಣವ್ವಾ, ಮೂವತ್ತಲ್ಲ. ಇಳಸು" ಎನ್ನುತ್ತಿದ್ದರಂತೆ.

ಹೀಗೆ ನಮ್ಮ ಊರಿಗೆ ಎರಡು ತೂಕ. ಒಂದು ಟೇಷನ್ ತೂಕ, ಇನ್ನೊಂದು ಖರೇ ತೂಕ. ಚಿಕ್ಕ ಮಕ್ಕಳಿಗೂ ಗೊತ್ತು, ಟೇಷನ್ ತೂಕಕ್ಕೆ ಮೂರು ಕೂಡಿಸಬೇಕು. ರಾಣೆಬೆನ್ನೂರಿನ ಡಾಕ್ಟರು ತೂಕ ಕೇಳಿದರೆ ನಮ್ಮೂರ ಹೆಂಗಸರು, "ಟೇಷನ್ ತೂಕ ನಲವತ್ತಾರರಿ, ನೀವು ನಲವತ್ತೊಂಬತ್ತು ಬರ್ಕೊಳ್ರಿ" ಎನ್ನುತ್ತಿದ್ದರು. ರೈಲು ನಿಂತು ವರ್ಷಗಳಾದರೂ, ಮೆಣಸಿನಕಾಯಿ ಚೀಲಗಳು ಟೆಂಪೋ ಹತ್ತಿದರೂ, ಆ ಮೂರು ಕಿಲೋ ಊರಿನ ತಲೆಯಲ್ಲಿ ಹಾಗೇ ಉಳಿಯಿತು. ಸೊಸೆಯಾಗಿ ಬಂದ ನಾನೂ ಕಲಿತೆ. ಬಸುರಿ ಹೆಂಗಸರನ್ನು ಆ ಯಂತ್ರದ ಮೇಲೆ ನಿಲ್ಲಿಸಿ, ಮೂರು ಕೂಡಿಸಿ ಕಾರ್ಡಿನಲ್ಲಿ ಬರೆಯುತ್ತಿದ್ದೆ.

ಅಲ್ಲಿಯೇ ತಪ್ಪಾಯಿತು. ಪಕ್ಕದ ಓಣಿಗೆ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಬಸುರಿಯಾದಳು. ತಿಂಗಳು ತಿಂಗಳು ನಾನು ತೂಗಿ, ಮೂರು ಕೂಡಿಸಿ ಬರೆದೆ. ನಡುವೆ ಹೊಸದಾಗಿ ಬಂದ ನರ್ಸಮ್ಮನಿಗೆ ಊರಿನ ಹೆಂಗಸರು ಯಾರೋ ಟೇಷನ್ ತೂಕದ ವಿಷಯ ಹೇಳಿದ್ದರು. ಅವಳು ಒಳ್ಳೆಯ ಮನಸ್ಸಿನಿಂದಲೇ, ನಾನು ಬರೆದುಕೊಟ್ಟದ್ದಕ್ಕೆ ಇನ್ನೂ ಮೂರು ಕೂಡಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಹಿಂದಿನ ನರ್ಸು ಬರೆದ ಅಂಕಿಗಿಂತ ಮೂರು ಕಿಲೋ ಏರಿದಂತಾಗಿ, ಕಾಗದದ ಮೇಲೆ ಹುಡುಗಿ ಚೆನ್ನಾಗಿ ತುಂಬಿಕೊಳ್ಳುತ್ತಿದ್ದಳು. ನಿಜವಾಗಿ ಎರಡು ತಿಂಗಳು ಅವಳ ತೂಕ ಏರಿರಲೇ ಇಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಕೂಸು ಅಂಗೈಯಷ್ಟೇ ಇತ್ತು. ಹದಿನೆಂಟು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಟ್ಟರು. ಆ ಕೂಸು ಈಗ ನಮ್ಮ ಅಂಗನವಾಡಿಗೇ ಬರುತ್ತದೆ. ಎಲ್ಲರಿಗಿಂತ ಜೋರು ಅದೇ.

ಆದರೆ ಆ ಹದಿನೆಂಟು ದಿನ ನನಗೆ ಊಟ ಸೇರಲಿಲ್ಲ. ಯಂತ್ರವನ್ನು ಸರಿ ಮಾಡಿಸಲೇಬೇಕು ಎಂದುಕೊಂಡೆ. ಆದರೆ ಕಾಕಾಗೆ ಹೇಗೆ ಹೇಳುವುದು? ಆ ಮೂರು ಕಿಲೋ ಅವರು ಊರಿಗೆ ಮಾಡಿದ ಉಪಕಾರ. ಊರಿನವರು ಅವರನ್ನು ನೆನೆಯುವುದೇ ಅದರಿಂದ. ಅದರಿಂದ ಒಂದು ಕೂಸು ಸಾಯುವುದರಲ್ಲಿತ್ತು ಎಂದು ಅವರ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಮೂರು ವರ್ಷ ಕಳೆಯಿತು. ಅಲ್ಲಿಯವರೆಗೆ ಬಸುರಿಯರನ್ನು ನರ್ಸಮ್ಮನ ಸಣ್ಣ ತಕ್ಕಡಿಯಲ್ಲೇ ತೂಗುತ್ತಿದ್ದೆವು. ಹೋದ ವರ್ಷ ಅದು ಕೆಟ್ಟಿತು.

ನವೆಂಬರ್ ತಿಂಗಳಲ್ಲಿ ಕಾಕಾ ಬದುಕಿದ್ದೇನೆ ಎಂದು ಪೆನ್ಷನ್ನಿಗೆ ಸಹಿ ಹಾಕಲು ಹಾವೇರಿಗೆ ಹೋಗುತ್ತಿದ್ದರು. ಆ ದಿನವನ್ನೇ ನೋಡಿಕೊಂಡು ಬ್ಯಾಡಗಿಯಿಂದ ತಕ್ಕಡಿ ರಿಪೇರಿಯವನನ್ನು ಕರೆಸಿದೆ. ಅವನಿಗೆ ಹತ್ತು ನಿಮಿಷದ ಕೆಲಸ. ಬೆನ್ನಿನ ಮುಚ್ಚಳ ತೆಗೆದು, ತಗಡಿನ ಚೂರನ್ನು ಇಕ್ಕಳದಲ್ಲಿ ಎಳೆದು ನನ್ನ ಕೈಗೆ ಕೊಟ್ಟ.

"ಇದನ್ನ ಯಾರೋ ಬೇಕಂತ ಇಟ್ಟಾರ್ರಿ ಟೀಚರ. ಛಲೋ ಕಸಬುದಾರ ಅದಾನ ಅಂವ."

ಗಾಜು ಒರೆಸಲು ಬಟ್ಟೆ ತೆಗೆದ. ತಿಂಗಳ ಹಿಂದಷ್ಟೇ ಕಾಕಾ ಹಚ್ಚಿದ ಕುಂಕುಮ. "ಅದು ಇರಲಿ" ಎಂದೆ. ಕುಂಕುಮ ಇದ್ದರೆ ಸೊನ್ನೆ ಕಾಣುವುದಿಲ್ಲ. ಮುಳ್ಳು ಈಗ ಎಲ್ಲಿ ನಿಂತಿದೆ ಎಂದು ಅವರಿಗೆ ತಿಳಿಯುವುದಿಲ್ಲ. ಹಾಗೆಂದು ಯೋಚಿಸಿದೆ. ತಗಡನ್ನು ರಜಿಸ್ಟರಿನ ಕಪಾಟಿನಲ್ಲಿ ಇಟ್ಟೆ. ನರ್ಸಮ್ಮನಿಗೆ ಮಾತ್ರ ಗುಟ್ಟಾಗಿ ಹೇಳಿದೆ. ಊರಿನವರು ಮೂರು ಕೂಡಿಸಿಕೊಳ್ಳುತ್ತಲೇ ಇದ್ದರು, ನಾನು ಕೂಡಿಸದೆ ಬರೆಯುತ್ತಿದ್ದೆ.

ಕಾಕಾಗೆ ದಿನಾ ಬೆಳಿಗ್ಗೆ ಯಂತ್ರದ ಮೇಲೆ ನಿಂತು ತಮ್ಮ ತೂಕ ನೋಡಿಕೊಳ್ಳುವ ರೂಢಿಯಿತ್ತು. ರೈಲ್ವೆಯಲ್ಲಿ ಇದ್ದಾಗಿನದು. ಮುಳ್ಳು ಐವತ್ತೆರಡು ತೋರಿಸುವುದು, ಅವರು ಮೂರು ಕೂಡಿಸಿ "ಐವತ್ತೈದು" ಎಂದು ಕೂಗಿ ಹೇಳುವುದು. ಅಡುಗೆಮನೆಯಲ್ಲಿರುವ ನನಗೆ ಟಿಕೇಟ್ ಖಿಡಕಿಯಿಂದ ಆ ಕೂಗು ಬರುತ್ತಿತ್ತು. ವರ್ಷಗಟ್ಟಲೆ ಅದೇ ಐವತ್ತೈದು. ಅದು ಕೇಳಿದರೆ ಒಗ್ಗರಣೆ ಇಡುವ ಹೊತ್ತಾಯಿತು ಎಂದು ನನಗೆ ಗೊತ್ತಾಗುತ್ತಿತ್ತು.

ರಿಪೇರಿಯ ಮರುದಿನ ಅವರು ಹತ್ತಿ ನಿಂತರು. ಕೂಗು ಬರಲಿಲ್ಲ. ನಾನು ಖಿಡಕಿಯಿಂದ ಬಗ್ಗಿ ನೋಡಿದೆ. ಮುಳ್ಳನ್ನು ನೋಡುತ್ತ ನಿಂತಿದ್ದರು. ಕೆಳಗಿಳಿದು ಮತ್ತೆ ಹತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಐವತ್ತೆಂಟು ಆಗೇನಿ ಅಕ್ಕೋರ. ನಿಮ್ಮ ಉಪ್ಪಿಟ್ಟು ಮೈಗೆ ಹತ್ತೇತಿ ನೋಡ್ರಿ."

ನಾನು ನಕ್ಕೆ. ಬೇರೇನು ಮಾಡಲಿ. ನಕ್ಕು, ಒಲೆಯ ಕಡೆ ತಿರುಗಿದೆ.

ಚಳಿಗಾಲ ಕಳೆಯಿತು. ಐವತ್ತೆಂಟು ಐವತ್ತೇಳಾಯಿತು, ಐವತ್ತಾರಾಯಿತು. ಶಿವರಾತ್ರಿಯ ಹೊತ್ತಿಗೆ ಮತ್ತೆ ಹಳೆಯ ಐವತ್ತೈದಕ್ಕೆ ಬಂದು ನಿಂತಿತು. ನಾನು ಅದನ್ನು ಕೇಳಿ, ಮೊದಲಿನಂತೆಯೇ ಇದ್ದಾರೆ ಎಂದುಕೊಂಡೆ. ತಗಡನ್ನು ನನ್ನ ಕೈಯಿಂದಲೇ ಕಪಾಟಿನಲ್ಲಿ ಇಟ್ಟವಳು ನಾನು. ಐವತ್ತೈದು ಎಂದರೆ ಈಗ ಐವತ್ತೆರಡು, ಮೂರು ಕಿಲೋ ಕರಗಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ. ಕಿವಿಗೆ ರೂಢಿಯಾದ ಅಂಕಿ ಬಿತ್ತು, ಮನಸ್ಸು ತಣ್ಣಗಾಯಿತು. ಅವತ್ತಿನಿಂದ ದಿನಾ ಐವತ್ತೈದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಕಣ್ಣಿಗೆ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಗಂಟೆ ಬಾರಿಸಲು ಕೈ ಎತ್ತಿದಾಗ ಅವರ ಕೈಗಡಿಯಾರ ಮೊಳಕೈವರೆಗೆ ಜಾರಿತು.

"ಕಾಕಾ, ಸೊರಗೀರಿ ನೀವು."

"ಗಡಿಯಾರದ ಪಟ್ಟಿ ಸಡಲ ಆಗೈತಿ. ಕೈ ಅಲ್ಲ."

"ಅಂಗೀನೂ ಸಡಲ ಆಗೈತ್ರಿ."

"ಅದು ಟೇಲರನ ತಪ್ಪು. ಮುಂಜಾನಿ ನೀವ ಕೇಳೀರಲ್ಲ, ಐವತ್ತೈದು ಅಂತ. ಮುಳ್ಳು ಸುಳ್ಳ ಹೇಳತೈತೇನು?"

ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ. ಅಲ್ಲಿಯೇ ನಾನು ಹೇಳಿಬಿಡಬೇಕಿತ್ತು. ಕಾಕಾ, ಯಂತ್ರ ಸರಿ ಮಾಡಿಸಿದ್ದೇನೆ, ಕೂಡಿಸಬೇಡಿ, ಇಳಿಯಿರಿ, ಮತ್ತೊಮ್ಮೆ ಹತ್ತಿರಿ, ನಾನು ನೋಡುತ್ತೇನೆ ಎನ್ನಬೇಕಿತ್ತು. ಹೇಳೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವರು ಎರಡು ಪೆಟ್ಟು ಬಾರಿಸಿದರು. ಮಕ್ಕಳು ತಾಟು ಹಿಡಿದು ಓಡಿ ಬಂದವು.

ಜೂನ್ ತಿಂಗಳಲ್ಲಿ ಬರುವುದು ನಿಲ್ಲಿಸಿದರು. ಜ್ವರ ಎಂದರು. ನೋಡಲು ಹೋದರೆ ಕುಳಿತುಕೊಂಡು ಮಾತಾಡಿದರು, ಹೊಸದಾಗಿ ಸೇರಿದ ಮಕ್ಕಳ ಹೆಸರು ಕೇಳಿದರು. "ಗಂಟಿ ಯಾರು ಬಾರಸ್ತಾರ?" ಎಂದರು. ಯಾರೂ ಇಲ್ಲ ಎಂದೆ. "ಹಂಗಾದ್ರ ಹುಡುಗೂರಿಗೆ ಅನ್ನ ಇಳಿದದ್ದು ಹೆಂಗ ಗೊತ್ತಾಗತೈತಿ?" ಎಂದು ನಿಜವಾಗಿಯೂ ಚಿಂತೆ ಮಾಡಿದರು. ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಹೋದರು.

ಅವರನ್ನು ಮಣ್ಣಿಗೆ ಒಯ್ಯುವಾಗ ಹಳೆಯ ಲೈನಿನ ದಾರಿಯಲ್ಲೇ ಒಯ್ದರು. ಹಳಿ ಕಿತ್ತ ಮೇಲೆ ಅದು ಊರಿನ ರಸ್ತೆಯಾಗಿದೆ. ಅಂಗನವಾಡಿಯ ಮುಂದೆ ಬಂದಾಗ ಯಾರೂ ಹೇಳದೆಯೇ ಹೊತ್ತವರು ಸ್ವಲ್ಪ ನಿಂತರು. ಹೊತ್ತವರಲ್ಲೊಬ್ಬ ಹೆಗಲು ಬದಲಿಸುತ್ತ ಇನ್ನೊಬ್ಬನಿಗೆ ಮೆಲ್ಲಗೆ, "ಏನೂ ತೂಕಾನ ಇಲ್ಲಲೇ" ಎಂದದ್ದು ನನಗೆ ಕೇಳಿಸಿತು. ಆಗ ಹೊಳೆಯಿತು ನನಗೆ. ಅಲ್ಲಿ, ಬೇವಿನ ಮರದ ಕೆಳಗೆ, ಅಷ್ಟು ಜನರ ನಡುವೆ, ಐವತ್ತೈದರಲ್ಲಿ ಮೂರು ಕಳೆದೆ.

ಹನ್ನೊಂದನೆಯ ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಮಗ ಹೊಲಕ್ಕೆ ಹೋಗಿದ್ದ. ಕಾಕಾನ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತೇವೆ. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ನಾನು ತಗಡಿನ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಬಿಚ್ಚಿ ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ನಾನು ಹೇಳದೆ ಇದ್ದುದರಿಂದ ಅವರು ಮೂರು ಕೂಡಿಸಿಕೊಂಡೇ ಹೋದರು, ಸೊರಗಿದ್ದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ ಎಂದೆ. ಅಳು ಬಂತು.

ಕಾಕು ತಗಡನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅವರಿಗೆ ಗೊತ್ತಿತ್ತವಾ."

"ಏನು ಗೊತ್ತಿತ್ರಿ?"

"ನೀವು ತಕ್ಕಡಿ ರಿಪೇರಿ ಮಾಡಿಸಿದ್ದು. ಮರುದಿನಾನ ಗೊತ್ತಾತು. ಮನಿಗೆ ಬಂದು ಚಪ್ಪಲಿ ಬಿಡೂದ್ರಾಗ 'ಅಕ್ಕೋರು ನನ್ನ ತಗಡು ಕಸಗೊಂಡಾರ, ಹೇಳಾಕ ಅಂಜ್ಯಾರ' ಅಂದ್ರು. ನಕ್ಕರು ಭಾಳ ಹೊತ್ತು. ಕೂಸನ್ನ ಎತ್ತಿ ತೂಕ ಹೇಳಾವರಿಗೆ ತಮ್ಮ ಮೈ ಗೊತ್ತಾಗಂಗಿಲ್ಲನು?"

"ಮತ್ತ ನನಗ ಯಾಕ ಹೇಳಲಿಲ್ರಿ?"

"ಆ ಓಣಿ ಹುಡುಗಿ ಕೂಸಿನ ಸುದ್ದೀನೂ ಅವರಿಗೆ ಗೊತ್ತಿತ್ತು. ನರ್ಸಮ್ಮನ ಬಾಯಾಗ ಏನ ನಿಲ್ಲತೈತಿ. ನಾಕು ದಿನ ಸರಿಯಾಗಿ ಉಣಲಿಲ್ಲ ಆವಾಗ. ತಾವ ತಗಡು ತಗೀಬೇಕಂತ ಎರಡು ಸರತೆ ಹೋಗಿ, ಮನಸ್ಸಾಗದ ಬಂದ್ರು. ನೀವು ತಗಿಸಿದಿರಿ. 'ಅಕ್ಕೋರು ಕುಂಕುಮ ಒರಸದ ನನ್ನ ಮರ್ಯಾದಿ ಉಳಿಸ್ಯಾರ, ನಾನೂ ಅವರದು ಉಳಿಸಬೇಕು' ಅಂದ್ರು. ಅದಕ್ಕ ಕೂಡಿಸಿ ಹೇಳತಿದ್ರು."

ಆಮೇಲೆ ಉಳಿದದ್ದನ್ನೂ ಹೇಳಿದರು. ಸಂಕ್ರಾಂತಿಯ ಹೊತ್ತಿಗೇ ಬೇನೆ ತಿಳಿದಿತ್ತು. ಹುಬ್ಬಳ್ಳಿಗೆ ಹೋಗಿ ಬಂದಿದ್ದರು. ಹೊಟ್ಟೆಯ ಗಡ್ಡೆ, ಕೊಯ್ಯುವ ಹಂತ ದಾಟಿದೆ ಎಂದಿದ್ದರು ಡಾಕ್ಟರು.

"ಅಕ್ಕೋರ ಮುಂದ ಹೇಳಬ್ಯಾಡ ಅಂದ್ರವಾ. ಹುಡುಗೂರ ಮುಂದ ಅವರು ಅಳಕೊಂತ ನಿಂತ್ರ ಅನ್ನ ಹೊತ್ತತೈತಿ ಅಂದ್ರು. ಕಡೀಕ ನಲವತ್ತಾರಕ್ಕ ಇಳಿದಿದ್ರು. ಆದ್ರೂ ದಿನಾ ಐವತ್ತೈದು ಅಂತ ಒದರಿ ಬರತಿದ್ರು. ನಾ ಬೈತಿದ್ದೆ. 'ಒಲಿ ಮುಂದ ಅವರು ಅದನ್ನ ಕೇಳಾಕ ನಿಂತಿರತಾರ' ಅಂತಿದ್ರು."

ಮೂರು ಅಂದರೆ ಮೂರೇ ಎಂದು ಸಣ್ಣವ್ವನಿಗೆ ಬೈದವರು, ತಮಗಾಗಿ ಒಂಬತ್ತು ಕಿಲೋ ಕೂಡಿಸಿಕೊಂಡಿದ್ದರು.

ಕಾಕು ತಗಡನ್ನು ನನಗೆ ಹಿಂದಿರುಗಿಸಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. ನಾನು ಎದ್ದು ಬಂದೆ. ತಪ್ಪು ನನ್ನದಲ್ಲ ಎಂದು ಅವರು ಹೇಳಿದ ಹಾಗೇ ಆಯಿತು. ಆದರೆ ಮನಸ್ಸು ಹಗುರಾಗಲಿಲ್ಲ. ನಾನು ನವೆಂಬರಿನಲ್ಲೇ ಬಾಯಿ ಬಿಟ್ಟಿದ್ದರೆ ಅವರೂ ಸಂಕ್ರಾಂತಿಗೆ ಬಾಯಿ ಬಿಡುತ್ತಿದ್ದರು. ಬದುಕುತ್ತಿರಲಿಲ್ಲ, ಗೊತ್ತು. ಆದರೆ ಆರು ತಿಂಗಳು ಅವರ ತಾಟಿಗೆ ಮೆತ್ತಗಿನ ಅನ್ನ ಹಾಕಿ ಕೊಡಬಹುದಿತ್ತು. ಗಂಟೆ ಬಾರಿಸುವಾಗ ಪಕ್ಕದಲ್ಲಿ ಒಂದು ಕುರ್ಚಿ ಇಡಬಹುದಿತ್ತು. ನಾನು ಉಳಿಸಲು ಹೋದದ್ದು ಅವರ ಮರ್ಯಾದೆಯನ್ನು, ಅವರು ಉಳಿಸಲು ಹೋದದ್ದು ನನ್ನದನ್ನು. ಅಷ್ಟರಲ್ಲಿ ಇಬ್ಬರೂ ಎದುರು ಬದುರು ನಿಂತು ಸುಮ್ಮನಾದೆವು.

ಇಲ್ಲಿಯವರೆಗೆ ಬರೆದಿಟ್ಟ ಮೇಲೆ ಈ ಸಲದ ಮಹಾನವಮಿ ಬಂತು. ಕಾಕಾ ಇಲ್ಲದ ಮೊದಲ ಖಂಡೆಪೂಜೆ. ಅವರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ. ಆದರೂ ಬೆಳಿಗ್ಗೆ ಕಾಕು ಮೆಲ್ಲಗೆ ನಡೆದು ಅಂಗನವಾಡಿಗೆ ಬಂದರು. ಕೈಯಲ್ಲಿ ಒಂದು ತೆಂಗಿನಕಾಯಿ.

"ಪ್ರತಿ ವರ್ಷ ನಾನ ಕಾಯಿ ಕೊಟ್ಟು ಕಳಸತಿದ್ದೆ. ತಪ್ಪಸಬಾರದು ಅಂತ ತಂದೆ" ಎಂದರು. "ನನ್ನ ಕೈಲೆ ಕುಂಕುಮ ಬ್ಯಾಡ. ನೀವ ಹಚ್ಚರಿ."

ನಾನು ಒದ್ದೆ ಬಟ್ಟೆ ತಂದು ಗಾಜನ್ನು ಒರೆಸಿದೆ. ವರ್ಷಗಳ ಕುಂಕುಮ ಪದರು ಪದರಾಗಿ ಕಟ್ಟಿತ್ತು, ಉಗುರಿನಿಂದ ಎಬ್ಬಿಸಬೇಕಾಯಿತು. ಅದರ ಕೆಳಗೆ ಸೊನ್ನೆ ಕಂಡಿತು. ಬಿಸಿಲು ಮುಟ್ಟದ ಜಾಗವಾದ್ದರಿಂದ ಆ ಅಂಕಿ ಮಾತ್ರ ಹೊಸದರಂತೆ ಕಪ್ಪಗಿತ್ತು. ಮುಳ್ಳು ಸರಿಯಾಗಿ ಅದರ ಮೇಲೆ ನಿಂತಿತ್ತು. ನಾನು ವಿಭೂತಿ ಹಚ್ಚಿ, ಕುಂಕುಮವನ್ನು ಗಾಜಿನ ಮೇಲಲ್ಲ, ಅದರ ಮೇಲಿನ ಕಬ್ಬಿಣದ ಪಟ್ಟಿಗೆ ಹಚ್ಚಿದೆ.

"ಅವರು ಕೆಳಗ ಹಚ್ಚತಿದ್ರು" ಎಂದರು ಕಾಕು.

"ಹೌದರಿ. ಇನ್ಮ್ಯಾಲೆ ಸೊನ್ನಿ ಕಾಣಲಿ."

ಕಾಕು ತೆಂಗಿನಕಾಯಿಯನ್ನು ನನ್ನ ಕೈಗೆ ಕೊಟ್ಟರು. ಕಾಯಿ ಒಡೆದೆ. ಹೊರಡುತ್ತೇನೆಂದು ಎದ್ದವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರ ಬಳೆಯಿಲ್ಲದ ಕೈಯನ್ನು ಆಗ ನೋಡಿದೆ. ಮೊಳಕೈಯ ಎಲುಬು ಹೊರಗೆ ಬಂದಿತ್ತು.

"ಕಾಕು, ಇದರ ಮ್ಯಾಲೆ ನಿಂದರ್ರಿ ಒಂದ ಸಲ."

"ನಂದೇನ ನೋಡತೀರಿ? ಹಣ್ಣಾದ ಮುದುಕಿ."

"ನಿಂದರ್ರಿ."

ಗೋಡೆ ಹಿಡಿದು ಹತ್ತಿದರು. ಮುಳ್ಳು ತುಸು ಅಲ್ಲಾಡಿ ನಿಂತಿತು. ನಾನು ಅಡುಗೆಮನೆಯಲ್ಲಿರಲಿಲ್ಲ, ಯಂತ್ರದ ಎದುರಿಗೇ ನಿಂತಿದ್ದೆ. ನನ್ನ ಕಣ್ಣಿನಿಂದಲೇ ನೋಡಿದೆ.

"ಮೂವತ್ತೇಳು" ಎಂದೆ.

"ಮೂರು ಕೂಡಸ್ರಿ. ನಲವತ್ತಾತಲ್ಲ, ಸಾಕು ನನಗ" ಎಂದು ಇಳಿಯಲು ಹೋದರು.

"ಕೂಡಸಂಗಿಲ್ರಿ ಕಾಕು. ಮೂವತ್ತೇಳ. ನೀವು ಉಣ್ಣವಲ್ರಿ."

ಅವರು ತಲೆ ತಗ್ಗಿಸಿ ಹಲಗೆಯ ಮೇಲೆಯೇ ನಿಂತಿದ್ದರು. ಆಮೇಲೆ ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡು, "ಒಬ್ಬಾಕಿನ ಕುಂತು ಉಣ್ಣಾಕ ಸೇರವಲ್ದವಾ" ಎಂದರು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದಾರೆ. ಆದರೂ ಅವರು ಹೇಳಿದ್ದು ನನಗೆ ತಿಳಿಯಿತು.

ಅಂದು ಹಬ್ಬವೆಂದು ಕೆಲವೇ ಮಕ್ಕಳು ಬಂದಿದ್ದವು. ಸಹಾಯಕಿ ಅನ್ನ ಇಳಿಸಿದ್ದಳು. ನಾನು ಕಿಟಕಿಯ ಮೇಲಿನ ಸರಳು ತೆಗೆದುಕೊಂಡು ಬೇವಿನ ಮರದ ಬಳಿ ಹೋದೆ. ಬಾರಿಸಿ ರೂಢಿಯಿರಲಿಲ್ಲ. ಮೊದಲ ಪೆಟ್ಟು ಓರೆಯಾಗಿ ಬಿದ್ದು ಸದ್ದೇ ಬರಲಿಲ್ಲ. ಮತ್ತೆ ಹೊಡೆದೆ. ಎರಡು ಪೆಟ್ಟು, ಹೊಲದವರೆಗೆ ಕೇಳುವ ಹಾಗೆ.

ಮಕ್ಕಳು ಓಡಿ ಬಂದು ಖಿಡಕಿಯ ಮುಂದೆ ಸಾಲು ನಿಂತವು. ಒಳಗೆ ಹೋಗಿ ತಾಟು ಹಚ್ಚಿ ಕೊಡತೊಡಗಿದೆ. ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಇದ್ದ ಕೂಸು ಎಂದಿನಂತೆ ಎಲ್ಲರಿಗಿಂತ ಮುಂದೆ ಇತ್ತು. ಒಂದೊಂದೇ ಸಣ್ಣ ಕೈ ಬಂದು ತಾಟು ಹಿಡಿದು ಹೋಯಿತು. ಕೊನೆಯಲ್ಲಿ ಖಿಡಕಿಯಿಂದ ಒಂದು ದೊಡ್ಡ ಕೈ ಒಳಗೆ ಬಂತು. ಬಳೆಯಿಲ್ಲದ ಕೈ. ಬೆಳಗಿನ ಟಿಕೇಟಿನ ಸುದ್ದಿಯನ್ನು ಕಾಕಾ ಮನೆಯಲ್ಲಿ ಹೇಳಿದ್ದರೋ ಏನೋ, ತಾಟಿಗೆ ಅಂತ ಅಲ್ಲ, ಅಂಗೈಯನ್ನು ಮೇಲೆ ಮಾಡಿ ಚಾಚಿತ್ತು.

ನಾನು ಅದರ ನಡುವೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಆಮೇಲೆ ತಾಟು ಕೊಟ್ಟೆ.